ಅಪ್ಪನ ನಶ್ಯ, ಅವ್ವನ ಕೈಗುಣ

ನನಗೊಂದು ಅಭ್ಯಾಸವಿದೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಯಾರಾದರೂ ನನ್ನ ಕೈ ಹಿಡಿದು ಕುಲುಕಿದರೆ, ಅವರು ಆಚೆ ತಿರುಗಿದ ಕೂಡಲೇ ನನ್ನ ಅಂಗೈ ತಾನಾಗಿ ಮೂಗಿನ ಹತ್ತಿರ ಹೋಗುತ್ತದೆ. ಮೂಸುತ್ತೇನೆ. ಈರುಳ್ಳಿ ಹೆಚ್ಚಿ ಬಂದವರು ಯಾರು, ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ ಬಂದವರು ಯಾರು, ಊಟ ಮಾಡಿ ಕೈಗೆ ನೀರು ತೋರಿಸಿ ಎದ್ದವರು ಯಾರು, ಎಲ್ಲ ಗೊತ್ತಾಗಿಬಿಡುತ್ತದೆ. ರಾಮನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಟೀಚರಾಗಿದ್ದೆ. ರಿಟೈರ್ ಆದ ದಿನ ಹಾರ ಹಾಕಿ ಕೈಕುಲುಕಿದ ಸಾಹೇಬರೊಬ್ಬರ ಎದುರಿಗೇ, ವೇದಿಕೆಯ ಮೇಲೆ, ಮೈಮರೆತು ಮೂಸಿಕೊಂಡೆ. ಫೋಟೋದವನು ಸರಿಯಾಗಿ ಅದೇ ಗಳಿಗೆಯಲ್ಲಿ ಗುಂಡಿ ಒತ್ತಿದ. ಆ ಫೋಟೋ ಈಗಲೂ ನಮ್ಮನೆ ಗೋಡೆಯ ಮೇಲಿದೆ. ಶಾಲೆ ಬಿಟ್ಟು ಹೋಗುವ ದುಃಖಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದೇನೆ ಎಂದು ನೋಡಿದವರೆಲ್ಲ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಇದು ರೋಗವಲ್ಲ ಸ್ವಾಮಿ, ಹಳೆಯ ನೌಕರಿ. ಟೀಚರಾಗುವುದಕ್ಕೆ ಎಷ್ಟೋ ಮುಂಚೆ, ಮೂರನೇ ಕ್ಲಾಸಿನಲ್ಲಿದ್ದಾಗಲೇ, ಕೈ ಮೂಸುವ ಕೆಲಸಕ್ಕೆ ನನ್ನ ನೇಮಕವಾಗಿತ್ತು. ನೇಮಕ ಮಾಡಿದವಳು ನಮ್ಮಜ್ಜಿ, ಅಪ್ಪನ ತಾಯಿ.

ರಾಮನಗರದ ಹತ್ತಿರ, ಕೈಲಾಂಚದ ಕಡೆ ನಮ್ಮೂರು. ಹನ್ನೆರಡು ಮನೆ ಕ್ರೈಸ್ತರು, ಮಿಕ್ಕವರು ಬೇರೆಯವರು. ಊರ ತುದಿಯಲ್ಲಿ ಹೆಂಚು ಹೊದಿಸಿದ ಒಂದು ಸಣ್ಣ ಚರ್ಚು. ಅದನ್ನು ಚರ್ಚು ಎಂದು ಯಾರೂ ಕರೆಯುತ್ತಿರಲಿಲ್ಲ, ಗುಡಿ ಎಂದೇ ಮಾತು. ಅವರ ದೇವರು, ನಮ್ಮ ದೇವರು ಎನ್ನುವ ವ್ಯತ್ಯಾಸವೆಲ್ಲ ಭಾನುವಾರ ಬೆಳಗ್ಗೆ ಒಂದು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಇಡೀ ಊರು ನಡೆದುಕೊಳ್ಳುತ್ತಿದ್ದುದು ರೇಷ್ಮೆ ಹುಳಕ್ಕೆ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತಾಯಿತೆಂದರೆ ಮದುವೆ ಊಟದ ಎಲೆಯ ಮುಂದಿನಿಂದಲೂ ಎದ್ದು ಹೋಗುತ್ತಿದ್ದರು, ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಹುಳ ಸಾಕುವ ಹುಳುಮನೆಗೆ ನೂರೆಂಟು ಕಟ್ಟಳೆ. ಹೊರಗಿನವರು ಒಳಗೆ ಬರಬಾರದು. ಚಪ್ಪಲಿ ಹಾಕಬಾರದು. ಹತ್ತಿರದಲ್ಲಿ ಒಗ್ಗರಣೆ ಹಾಕಬಾರದು. ಊದುಬತ್ತಿ, ಪೌಡರು, ಘಮಘಮ ಎಣ್ಣೆ ಯಾವುದೂ ಕೂಡದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹೊಗೆಸೊಪ್ಪಿನದು. ಹೊಗೆಸೊಪ್ಪು ಮುಟ್ಟಿದ ಬೆರಳಿನಲ್ಲಿ ಹುಳಕ್ಕೆ ಮೇವು ಹಾಕಿದರೆ ಸಾಕು, ಅವು ತಲೆ ಎತ್ತಿ ತೂಗಾಡಿ, ಹಸಿರು ನೀರು ಕಕ್ಕಿ, ಮುದುರಿ ಬೀಳುತ್ತವೆ. ಇದು ಊರಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತಿದ್ದ ಸಂಗತಿ.

ನನ್ನ ಮೂಗು ಆಗಲೇ ಹೆಸರು ಮಾಡಿತ್ತು. ಪಕ್ಕದ ಮನೆಯವರು ಅಟ್ಟದ ಮೇಲೆ ಬಚ್ಚಿಟ್ಟ ಹಲಸಿನ ಹಣ್ಣನ್ನು ಬೀದಿಯಲ್ಲಿ ನಿಂತೇ ಕಂಡುಹಿಡಿದು, ತೊಳೆ ಕೊಡುವತನಕ ಅಲ್ಲಾಡದೆ ನಿಂತವಳು ನಾನು. ಅಜ್ಜಿ ಇದನ್ನು ಗಮನದಲ್ಲಿಟ್ಟುಕೊಂಡು ಒಂದು ದಿನ ಹುಳುಮನೆಯ ಬಾಗಿಲಲ್ಲಿ ನನಗೊಂದು ಮಣೆ ಹಾಕಿದಳು.

"ರೀಟಾ, ಒಳಕ್ಕೆ ಹೋಗೋರ್ದೆಲ್ಲಾ ಕೈ ಮೂಸ್ಬೇಕು ನೀನು. ನಿಮ್ಮಪ್ಪ ಆದ್ರೂ ಸೈ, ನಾನಾದ್ರೂ ಸೈ. ನಾತ ಬಂದ್ರೆ ಬುಡ್ಬೇಡ."

ಎಂಟು ವರ್ಷದವಳಿಗೆ ಅಷ್ಟು ಅಧಿಕಾರ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ನಾನು ಅಪ್ಪಣೆ ಕೊಡುವವರೆಗೆ ಅಜ್ಜಿಯೂ ಹೊಸ್ತಿಲ ಆಚೆ ನಿಲ್ಲಬೇಕಾಗಿತ್ತು. ಒಮ್ಮೆ ಅವಳ ಕೈಯಲ್ಲಿ ಬೆಳ್ಳುಳ್ಳಿ ವಾಸನೆ ಎಂದು ಎರಡು ಸಲ ತೊಳೆಸಿ ಕಳಿಸಿದೆ. ಅಜ್ಜಿ ಬೈಯುತ್ತಲೇ ಹೋಗಿ ತೊಳೆದು ಬಂದಳು.

ಈಗ ನಮ್ಮವ್ವನ ಬಗ್ಗೆ ಹೇಳಬೇಕು. ಹೆಸರು ಜ್ಞಾನಮ್ಮ, ಊರವರ ಬಾಯಲ್ಲಿ ಗ್ಯಾನಕ್ಕ. ಚನ್ನಪಟ್ಟಣದ ಕಡೆಯ ಹೆಣ್ಣು. ಅವಳಿಗೆ ಓದು ಬಾರದು, ಹಾಡು ಬಾರದು, ಅಜ್ಜಿಯ ಪ್ರಕಾರ ಗಂಟಿಲ್ಲದೆ ಮುದ್ದೆ ಕೂಡಿಸಲೂ ಬಾರದು. ಆದರೆ ಹುಳದ ವಿಷಯದಲ್ಲಿ ಅವಳ ಕೈಗುಣ ಎಂದರೆ ಕೈಗುಣ. ಮೊಟ್ಟೆ ಒಡೆದು ಹೊರಬಂದ ಮರಿಹುಳ ಇರುವೆಗಿಂತ ಸಣ್ಣವು, ಕಪ್ಪಗೆ ಎಳ್ಳಿನ ಧೂಳಿನಂತೆ ಇರುತ್ತವೆ. ಅವನ್ನು ಕೋಳಿಪುಕ್ಕದಲ್ಲಿ ನವಿರಾಗಿ ಗುಡಿಸಿ ಎಳೇ ಸೊಪ್ಪಿನ ಮೇಲೆ ಬಿಡಬೇಕು. ಅವ್ವ ಬಿಟ್ಟ ಹುಳ ಒಂದೂ ಸಾಯುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಯಾರ ಮನೆಯಲ್ಲಿ ಮೊಟ್ಟೆ ಒಡೆದರೂ ಮೊದಲು ಬರುತ್ತಿದ್ದುದು ನಮ್ಮ ಮನೆಗೆ. "ಗ್ಯಾನಕ್ಕಾ, ಒಸಿ ಬಂದು ಕೈ ಹಾಕ್ಬುಟ್ಟು ಹೋಗವ್ವ." ಮನೆಯಲ್ಲಿ ಮಾತಿಗೆ ಮಾತು ಸೇರಿಸದ ನಮ್ಮವ್ವ, ಆಗ ಸೆರಗು ಸಿಕ್ಕಿಸಿಕೊಂಡು ನಾಲ್ಕು ಜನ ಹೆಂಗಸರ ಮುಂದೆ ಬೀದಿಯಲ್ಲಿ ನಡೆದು ಹೋಗುವುದನ್ನು ನೀವು ನೋಡಬೇಕಾಗಿತ್ತು. ಅವಳ ಹತ್ತಿರ ಇದ್ದ ಮರ್ಯಾದೆಯೆಲ್ಲ ಅದೊಂದೇ.

ಅಪ್ಪ ಚಿನ್ನಪ್ಪ ಒಳ್ಳೆಯ ಮನುಷ್ಯ. ನಗಿಸುವವನು, ನಗುವವನು, ಯಾರ ಮೇಲೂ ಕೈ ಎತ್ತದವನು. ಅವನಿಗಿದ್ದುದು ಒಂದೇ ಚಟ, ನಶ್ಯ. ಎರಡು ಬೆರಳಲ್ಲಿ ಒಂದು ಚಿಟಿಕೆ ಹಿಡಿದು, ಕಣ್ಣು ಮುಚ್ಚಿ, ಸರ್ ಎಂದು ಏರಿಸಿ, ಬಾಯಿ ತೆರೆದು ಸೀನಿಗಾಗಿ ಕಾಯುವಾಗ ಅವನ ಮುಖದಲ್ಲಿ ಬರುತ್ತಿದ್ದ ಭಕ್ತಿ ಗುಡಿಯಲ್ಲಿ ಎಂದೂ ಬಂದದ್ದು ನಾನು ಕಾಣೆ. ಹುಳುಮನೆಯವನಿಗೆ ನಶ್ಯ ಎಂದರೆ ಅಜ್ಜಿಗೆ ತಲೆಬಿಸಿ. ಹೊಗೆಸೊಪ್ಪನ್ನೇ ತಾನೇ ಪುಡಿ ಮಾಡಿರುವುದು? ಆ ವರ್ಷ ಬೂದಿ ಬುಧವಾರ ಹಣೆಗೆ ಬೂದಿ ಇಡಿಸಿಕೊಂಡ ಮೇಲೆ ಅಪ್ಪನನ್ನು ಪೀಠದ ಮುಂದೆ ಎಳೆದುಕೊಂಡು ಹೋಗಿ, ಹನ್ನೆರಡು ಮನೆಯವರ ಎದುರಿಗೆ ಹರಕೆ ಮಾಡಿಸಿದಳು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ಮಾತ್ರವಲ್ಲ, ಸಾಯುವತನಕ ನಶ್ಯ ಮುಟ್ಟುವುದಿಲ್ಲ ಎಂದು. ಅಪ್ಪ ನಲವತ್ತು ದಿನ ಎಂದು ಶುರುಮಾಡಿದ್ದ, ಅಜ್ಜಿ ಪಕ್ಕದಿಂದ ತಿವಿದು ಸಾಯುವತನಕ ಎಂದು ತಿದ್ದಿದಳು.

ನಲವತ್ತು ದಿನವೂ ಅಪ್ಪ ಮಾತು ಉಳಿಸಿಕೊಂಡ. ಮೂಗು ಉಜ್ಜಿಕೊಂಡ, ಸಿಡುಕಿದ, ಒಂದು ಸಲ ಮೆಣಸಿನಪುಡಿ ಡಬ್ಬಿಯನ್ನು ಆಸೆಯಿಂದ ನೋಡಿದ್ದನ್ನು ನಾನೇ ಕಂಡೆ. ಆದರೆ ಮುಟ್ಟಲಿಲ್ಲ. ಆ ಸಲದ ಹುಳದ ಬೆಳೆ ಹೇಗೆ ಬಂತು ಅಂತೀರಿ! ಗೂಡುಗಳು ಗಟ್ಟಿಯಾಗಿ ಗೋಲಿಗಳ ಹಾಗೆ ಬಂದವು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ನಮ್ಮ ರಾಶಿಯ ಸುತ್ತ ನೂಲು ತೆಗೆಯುವವರು ಗುಂಪು ಕಟ್ಟಿದರಂತೆ.

ಪಾಸ್ಕ, ಅಂದರೆ ಈಸ್ಟರ್ ಹಬ್ಬ ಬಂತು. ನಲವತ್ತು ದಿನ ಮಾಂಸ ಕಾಣದ ಬಾಯಿಗಳು. ಕನಕಪುರದ ನೆಂಟರು ಬಂದು ವಾರ ಉಳಿದರು. ದಿನಾ ಮಸಾಲೆ, ದಿನಾ ಸಾರು. ಹಬ್ಬದ ಮಾರನೇ ದಿನ ಅಪ್ಪ ಕಜ್ಜಾಯದ ಡಬ್ಬಿ ಹಿಡಿದುಕೊಂಡು ರಾಮನಗರದ ಬಾಬು ಸಾಬರ ಮನೆಗೆ ಹೋದ. ಬಾಬು ಸಾಬರು ನಮ್ಮ ಗೂಡು ಕೊಂಡು ನೂಲು ತೆಗೆಯುತ್ತಿದ್ದ ರೀಲರು, ಅಪ್ಪನ ಜೀವದ ಗೆಳೆಯರು. ಅವರಿಗೆ ಹರಕೆಯ ವಿಷಯ ಗೊತ್ತಿಲ್ಲ, ಅಪ್ಪ ಹೇಳಲೂ ಇಲ್ಲ. ಕಜ್ಜಾಯ ತೆಗೆದುಕೊಂಡು ಪ್ರೀತಿಯಿಂದ ತಮ್ಮ ನಶ್ಯದ ಡಬ್ಬಿ ಮುಂದೆ ಹಿಡಿದರು. ಗೆಳೆಯ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ ಎಂದು ಅಪ್ಪ ತನಗೆ ತಾನೇ ಹೇಳಿಕೊಂಡನಂತೆ. ಬರುವಾಗ ಅಂಗಡಿಯಿಂದ ಒಂದು ಡಬ್ಬಿಯನ್ನೂ ತಂದ. ಅದನ್ನೂ ಯಾರು ಪ್ರೀತಿಯಿಂದ ಕೊಟ್ಟರೋ, ನಾನು ಕೇಳಲಿಲ್ಲ.

ಡಬ್ಬಿ ಬಚ್ಚಿಡಲು ಅವನಿಗೆ ಹೊಳೆದ ಜಾಗ ನೋಡಿ. ಮನೆಯಲ್ಲಿ ಅಜ್ಜಿಯ ಕಣ್ಣು. ಹೊಲದಲ್ಲಿ ಊರ ಕಣ್ಣು. ಹೊರಗಿನವರು ಯಾರೂ ಕಾಲಿಡದ ಜಾಗ ಊರಲ್ಲಿ ಒಂದೇ, ಹುಳುಮನೆ. ಸೊಪ್ಪು ಹೆಚ್ಚುವ ಮೂಲೆಯ ತೊಲೆಯ ಸಂದಿಯಲ್ಲಿ ಡಬ್ಬಿ ಕೂತಿತು. ಇನ್ನಾವ ಕಸುಬಿನವನಾದರೂ ಇಷ್ಟು ಸೊಗಸಾದ ತಪ್ಪು ಮಾಡಲು ಸಾಧ್ಯವಿತ್ತೇ?

ಮಾರನೇ ದಿನ ಮಧ್ಯಾಹ್ನ ಅಪ್ಪ ಒಳಗೆ ಹೋಗಿ ಹೊರಗೆ ಬಂದ. ಮತ್ತೆ ಸೊಪ್ಪಿನ ಹೊರೆ ತಂದು ಒಳಗೆ ಹೊರಟಾಗ ನಾನು ಕೈ ಹಿಡಿದು ಮೂಸಿದೆ. ನಶ್ಯ. ಖಾರವಾಗಿ, ಒಣಗಿ, ಚೊಕ್ಕವಾಗಿ ನಶ್ಯ. ತಲೆಯೆತ್ತಿ ನೋಡಿದೆ. ಅಪ್ಪ ತುಟಿಯ ಮೇಲೆ ಬೆರಳಿಟ್ಟು ಒಂದು ಕಣ್ಣು ಹೊಡೆದ. ಜೇಬಿನಿಂದ ಒಂದು ಕಮ್ಮರಕಟ್ಟು ಮಿಠಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟ.

ಕಮ್ಮರಕಟ್ಟಿನ ಆಸೆಗೆ ಬಿಟ್ಟೆ ಎಂದು ಹೇಳಿಕೊಂಡರೆ ನನಗೇ ಒಳ್ಳೆಯದು, ಮಕ್ಕಳಾಟ ಎಂದು ನೀವು ನಕ್ಕು ಸುಮ್ಮನಾಗುತ್ತೀರಿ. ನಿಜ ಅದಲ್ಲ. ಇಡೀ ಮನೆಯಲ್ಲಿ ಅಪ್ಪನಿಗೂ ನನಗೂ ಮಾತ್ರ ಗೊತ್ತಿರುವ ಗುಟ್ಟು ಒಂದು ಹುಟ್ಟಿತಲ್ಲ, ಆ ಜಂಬ. "ಹೋಗು" ಎಂದೆ. ಅಪ್ಪ ಹೋದ. ಅದಾದ ಮೇಲೆ ಎರಡು ದಿನವೂ ಹೋದ.

ಶುಕ್ರವಾರ ಬೆಳಗ್ಗೆ ಅವ್ವ ಹುಳುಮನೆಯಿಂದ ಕೂಗಿದ ಕೂಗು ನನಗೆ ಇವತ್ತಿಗೂ ಕೇಳುತ್ತದೆ. ಹದಿನಾರು ತಟ್ಟೆ ಹೊಸ ಬೆಳೆಯ ಹುಳ. ತಟ್ಟೆ ಎಂದರೆ ಆಳುದ್ದದ ಬಿದಿರಿನ ತಟ್ಟೆ, ಒಂದೊಂದರಲ್ಲಿ ಸಾವಿರಗಟ್ಟಲೆ ಹುಳ. ಎಲ್ಲವೂ ತಲೆ ಎತ್ತಿ ತೂಗುತ್ತಿದ್ದವು, ಬಾಯಲ್ಲಿ ಹಸಿರು ನೀರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

ಪಕ್ಕದ ಮನೆಯ ಕೆಂಪಮ್ಮ ಬಾಗಿಲಾಚೆ ನಿಂತು ಬಗ್ಗಿ ನೋಡಿದಳು. "ಇದು ಹೊಗೆಸೊಪ್ಪಿನ್ ಗಾಳಿ ಹೊಡ್ದಂಗೈತೆ ಕಣಜ್ಜಿ."

"ನಮ್ಮನೇಲಿ ಎಲ್ಲೈತವ್ವ ಹೊಗೆಸೊಪ್ಪು?" ಎಂದಳು ಅಜ್ಜಿ. "ನನ್ ಮಗ ದೇವ್ರ್ ಮುಂದೆ ಬುಟ್ಟವ್ನೆ. ಬಾಗ್ಲಲ್ಲಿ ಮೊಮ್ಮಗ್ಳು ಕೂತ್ಕೊಂಡ್ ಮೂಸ್ತಾಳೆ." ನನ್ನ ಕಡೆ ತಿರುಗಿದಳು. "ಹೇಳ್ ಮಗಾ, ಯಾರ್ ಕೈಯಾದ್ರೂ ನಾರ್ತಿತ್ತಾ?"

ಅಪ್ಪ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ನಾನು ಇಲ್ಲ ಎಂದೆ.

"ನಿಮ್ಮವ್ವನ್ ಕೈ?"

"ಮಸಾಲೆ ವಾಸ್ನೆ ಬತ್ತಿತ್ತು," ಎಂದೆ.

ಅದು ಸುಳ್ಳಲ್ಲ. ವಾರವೆಲ್ಲ ಮಸಾಲೆ ಅರೆದ ಕೈ, ಎಷ್ಟು ತೊಳೆದರೂ ದನಿಯಾ ಉಳಿದಿತ್ತು. ನನ್ನ ಜೀವನದಲ್ಲಿ ನಾನು ಹೇಳಿದ ಅತಿ ಕೆಟ್ಟ ಮಾತು ಅದು, ಮತ್ತು ಅದು ನಿಜವಾದ ಮಾತು. ಅಜ್ಜಿಯ ತಲೆಯಲ್ಲಿ ಎಲ್ಲ ಸರಿಯಾಗಿ ಕೂತುಬಿಟ್ಟಿತು. ತಪಸ್ಸುಕಾಲದಲ್ಲಿ ಮಸಾಲೆ ಇರಲಿಲ್ಲ, ಹುಳ ಚೆನ್ನಾಗಿದ್ದವು. ಹಬ್ಬಕ್ಕೆ ಮಸಾಲೆ ಬಂತು, ಹುಳ ಹೋದವು. "ಬಾಯ್ ಚಪಲಕ್ಕೆ ಅರ್ದ್ ಕೈನಲ್ಲೇ ಸೊಪ್ ಹಾಕ್ಬುಟ್ಯಲ್ಲೇ ಗ್ಯಾನಾ! ಸಾಕು, ಇನ್ಮೇಲೆ ಒಳಕ್ಕೆ ಕಾಲಿಡ್ಬೇಡ." ಆ ಸಾರನ್ನು ಮೂರು ಸಲ ಹಾಕಿಸಿಕೊಂಡು ಉಂಡವಳು ಅಜ್ಜಿಯೇ. ಆದರೆ ಅದನ್ನು ನೆನಪು ಮಾಡಿಕೊಡಲು ಯಾರಿಗೆ ಧೈರ್ಯ?

ಅವ್ವ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಮ್ಮವ್ವನಿಗೆ ತನ್ನ ತಪ್ಪೇ ಇರಬಹುದು ಎನ್ನಿಸಿಬಿಟ್ಟಿತ್ತು.

ಅಪ್ಪ ಕೆಟ್ಟವನಲ್ಲ ಎಂದೆನಲ್ಲ. ಹೆದರಿಹೋಗಿದ್ದ. ಅವತ್ತೇ ಡಬ್ಬಿಯನ್ನು ಹಾಳುಬಾವಿಗೆ ಎಸೆದ. ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟ. ಮುಂದಿನ ಬೆಳೆಗೆ ದಿನಕ್ಕೆ ಆರು ಸಲ ಕೈ ತೊಳೆದ. ಗುಡಿಯಲ್ಲಿ ಮೊಣಕಾಲೂರಿ ಮೇಣದ ಬತ್ತಿ ಹಚ್ಚಿದ. ಎಲ್ಲವನ್ನೂ ಮಾಡಿದ, ಬಾಯಿ ಒಂದನ್ನು ತೆರೆಯಲಿಲ್ಲ. ಇದರ ಫಲ ಏನಾಯಿತು ಗೊತ್ತೇ? ಅವ್ವ ಕೈ ಹಾಕದ ಆ ಬೆಳೆ ಅದ್ಭುತವಾಗಿ ಬಂತು! ಅಪ್ಪ ಗುಟ್ಟಾಗಿ ಒಳ್ಳೆಯವನಾದದ್ದೇ ಅವ್ವನಿಗೆ ಮುಳುವಾಯಿತು. ಅಲ್ಲಿಯತನಕ ಅನುಮಾನವಾಗಿದ್ದದ್ದು ಈಗ ಊರಿಗೆಲ್ಲ ಖಾತ್ರಿಯಾಯಿತು. ಗ್ಯಾನಕ್ಕನ ಕೈಗುಣ ಕೆಟ್ಟಿದೆ. ಕೆಂಪಮ್ಮನ ಮನೆಯಲ್ಲಿ ಮೊಟ್ಟೆ ಒಡೆದಾಗ ಅವಳು ನಮ್ಮ ಬಾಗಿಲು ದಾಟಿಕೊಂಡು ಹೋಗಿ ಬೇರೆ ಯಾರನ್ನೋ ಕರೆದಳು. ಅವ್ವ ಒಳಗೆ ನಿಂತು ಕಿಟಕಿಯಿಂದ ನೋಡಿದಳು. ಅವಳು ನೋಡುವುದನ್ನು ನಾನು ನೋಡಿದೆ.

ಆಗಸ್ಟ್ ಹದಿನೈದಕ್ಕೆ ನಾವು ಮಕ್ಕಳೆಲ್ಲ ಮೊದಲ ಸಲ ಪರಮಪ್ರಸಾದ, ಅಂದರೆ ಪೂಜೆಯ ಪವಿತ್ರ ರೊಟ್ಟಿ, ತೆಗೆದುಕೊಳ್ಳುವುದೆಂದು ಗೊತ್ತಾಗಿತ್ತು. ಆ ದಿನ ದೇವಮಾತೆಯ ಹಬ್ಬವೂ ಹೌದು, ಸ್ವಾತಂತ್ರ್ಯ ದಿನವೂ ಹೌದು. ಶಾಲೆಯಲ್ಲಿ ಪೆಪ್ಪರಮೆಂಟು, ಗುಡಿಯಲ್ಲಿ ಕೇಕು. ನಮ್ಮೂರ ಮಕ್ಕಳಿಗೆ ಅದಕ್ಕಿಂತ ದೊಡ್ಡ ದಿನವಿಲ್ಲ. ಆದರೆ ಹಿಂದಿನ ದಿನ ಗುರುಗಳ ಬಳಿ ಪಾಪನಿವೇದನೆ ಮಾಡಬೇಕು, ಮಾಡಿದ ತಪ್ಪುಗಳನ್ನು ಬಾಯಿಬಿಟ್ಟು ಹೇಳಬೇಕು. ಮಕ್ಕಳಿಗೆ ಪಾಪ ಹುಡುಕುವುದೇ ಕಷ್ಟ. ತಮ್ಮನಿಗೆ ಹೊಡೆದೆ, ಜಪ ಹೇಳುವಾಗ ನಿದ್ದೆ ಮಾಡಿದೆ, ಈ ಎರಡನ್ನೇ ಒಬ್ಬರಿಂದ ಒಬ್ಬರು ಸಾಲ ತೆಗೆದುಕೊಂಡು ಹೇಳುತ್ತಿದ್ದರು. ತಮ್ಮನೇ ಇಲ್ಲದವರೂ ತಮ್ಮನಿಗೆ ಹೊಡೆದಿದ್ದರು. ನನ್ನದೊಬ್ಬಳದು ಸ್ವಂತ ಪಾಪ.

ನಮ್ಮ ಸ್ವಾಮಿಯವರು, ಅಂದರೆ ಗುಡಿಯ ಗುರುಗಳು, ಕರಾವಳಿ ಕಡೆಯವರು. ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಹುಳ ಸಾಕುವುದರ ಗಂಧಗಾಳಿ ಇರಲಿಲ್ಲ. ಮರದ ಜಾಲರಿಯ ಈಚೆ ಮೊಣಕಾಲೂರಿ ನಾನು ಪಿಸುಗುಟ್ಟಿದೆ.

"ಸಾಮೇರೇ, ನಾನು ನಮ್ಮಪ್ಪನ್ ಕೈ ಮೂಸ್ದೆ."

ಸ್ವಾಮಿಯವರು ಆಚೆಯಿಂದ ಜಾಲರಿಯ ಹತ್ತಿರ ಕಿವಿ ತಂದರು. "ಅದು ಪಾಪವಲ್ಲ ಮಗೂ."

"ಮೂಸಿ ಸುಳ್ಳ್ ಹೇಳ್ದೆ."

ಮತ್ತೆ ಎಲ್ಲವೂ ಹರಿದು ಬಂತು. ನಶ್ಯ, ಕಮ್ಮರಕಟ್ಟು, ಹದಿನಾರು ತಟ್ಟೆ, ಮಸಾಲೆ, ಕಿಟಕಿಯಲ್ಲಿ ನಿಂತ ಅವ್ವ. ಸ್ವಾಮಿಯವರು ಊಟದ ತಟ್ಟೆಯಷ್ಟೇ ಹುಳ ಅಂದುಕೊಂಡಿದ್ದರೋ ಏನೋ, ಹುಳದ ಬಗ್ಗೆ ಹೆಚ್ಚು ಕೇಳಲಿಲ್ಲ. ಅವ್ವನ ಬಗ್ಗೆ ಎರಡು ಸಲ ಕೇಳಿದರು. ಆಮೇಲೆ, "ದೇವರು ನಿನ್ನನ್ನು ಕ್ಷಮಿಸಿದ್ದಾರೆ. ಅದರಲ್ಲಿ ಅನುಮಾನ ಬೇಡ," ಎಂದರು.

ನಾನು ಏಳಲು ಹೊರಟೆ.

"ಕುಳಿತುಕೋ. ನೀನು ಇನ್ನೊಬ್ಬಳ ಸ್ಲೇಟು ಒಡೆದೆ ಎಂದಿಟ್ಟುಕೋ. ಟೀಚರು ಕ್ಷಮಿಸಿದರು. ಸ್ಲೇಟು ಕೂಡಿಕೊಂಡಿತೇ?"

"ಇಲ್ಲ ಸಾಮೇರೇ."

"ಅವಳು ಯಾವುದರ ಮೇಲೆ ಬರೆಯಬೇಕು?"

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಇದಕ್ಕಿಂತ ಸುಲಭವಾಗಿ ಯಾವ ಪಾಠವನ್ನೂ ಹೇಳಲು ನನ್ನಿಂದ ಆಗಿಲ್ಲ. ಮೂರು ಸಲ ನಮೋ ಮರಿಯಾ ಜಪ ಹೇಳಲು ಹೇಳಿದರು. ಮುಂದಿನದು ಏನೆಂದು ನಿನಗೇ ಗೊತ್ತು ಎಂದರು.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಆಚೆ ಹೇಳುವಂತಿಲ್ಲ. ಗೊತ್ತಿದೆ ಎಂದು ಮುಖದಲ್ಲಿ ತೋರಿಸುವಂತೆಯೂ ಇಲ್ಲ. ಪಾಪ, ಮಾರನೇ ದಿನ ಹಬ್ಬದ ಊಟಕ್ಕೆ ನಮ್ಮ ಮನೆಗೇ ಬಂದರು. ಬಿಳಿ ಲಂಗ ತೊಟ್ಟು, ತಲೆಗೆ ಮುಸುಕು ಹಾಕಿಕೊಂಡು ನಾನು ದೇವದೂತೆಯಂತೆ ಪಕ್ಕದಲ್ಲಿ ಕೂತಿದ್ದೆ. ಅಜ್ಜಿ ತೀರ್ಥದ ಬಾಟಲಿ ಹಿಡಿದುಕೊಂಡು ಬಂದಳು.

"ಸಾಮೇರೇ, ನನ್ ಸೊಸೆ ಕೈಗೆ ಏನೋ ದೋಸ ತಗುಲ್ಕೊಂಡೈತೆ. ಒಸಿ ಮಂತ್ರಿಸ್ಬುಟ್ಟು ತೀರ್ಥ ಹಾಕಿ."

ಸ್ವಾಮಿಯವರ ಗಂಟಲಲ್ಲಿ ತುತ್ತು ನಿಂತಿತು. ಅಪ್ಪ ನೀರು ಕೊಡಲು ಎದ್ದ. ಸ್ವಾಮಿಯವರು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ, ಗೋಡೆಯ ಮೇಲಿನ ಹಲ್ಲಿಯನ್ನೇ ನೋಡುತ್ತಾ ನೀರು ಕುಡಿದರು. ಆಮೇಲೆ, "ಅಡುಗೆ ಬಹಳ ರುಚಿಯಾಗಿದೆಯಮ್ಮ. ಇನ್ನೂ ಸ್ವಲ್ಪ ಸಾರು ಬಡಿಸಿ," ಎಂದು ಅವ್ವನ ಕಡೆ ತಟ್ಟೆ ಚಾಚಿದರು. ಅವ್ವ ಬಡಿಸಿದಳು. ತೀರ್ಥದ ಮಾತು ಅಲ್ಲಿಗೆ ನಿಂತಿತು. ಆ ದಿನ ಎರಡು ಕಡೆಯ ಸಿಹಿಯನ್ನೂ ನಾನು ಬೇರೆ ಮಕ್ಕಳಿಗೆ ಕೊಟ್ಟುಬಿಟ್ಟೆ.

ನೀವು ನನ್ನನ್ನು ಒಳ್ಳೆಯ ಹುಡುಗಿ ಎಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಆಮೇಲೂ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಅಪ್ಪ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ಹಿಂದಿನಿಂದ ಹೋಗಿ ನಿಂತೆ.

"ಅಪ್ಪಾ, ನಾ ಸಾಮೇರ್ಗೆ ಹೇಳ್ಬುಟ್ಟೆ."

"ಏನ?"

"ನಶ್ಯ."

ಅಪ್ಪನ ಕುಡುಗೋಲು ನಿಂತಿತು. "ನನ್ ಹೆಸ್ರೂ ಹೇಳ್ದಾ?"

"ಹೆಸ್ರ್ ಹೇಳ್ನಿಲ್ಲ. ನಮ್ಮಪ್ಪ ಅಂದೆ."

"ಸತ್ತೆ!" ಎಂದು ಅಪ್ಪ ನಕ್ಕ. ನಗುತ್ತಾ ನಗುತ್ತಾ ಸೊಪ್ಪಿನ ಹೊರೆಯ ಮೇಲೆ ಕುಸಿದು ಕೂತ. ನಗು ನಿಂತ ಮೇಲೂ ಎದ್ದೇಳಲಿಲ್ಲ. "ನಿಮ್ಮವ್ವ ಕಿಟಕೀಲ್ ನಿಂತಿದ್ದು ನಾನೂ ಕಂಡಿವ್ನಿ ಕಣ್ ಮಗಾ," ಎಂದ. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

ಅವತ್ತು ಸಂಜೆ ದೀಪ ಹಚ್ಚಿದ ಮೇಲೆ ಎಂದಿನಂತೆ ಎಲ್ಲರೂ ಜಪಸರ ಹಿಡಿದು ಕೂತೆವು. ಅಜ್ಜಿ ಮುಂದೆ, ನಾವು ಹಿಂದೆ. ಅಜ್ಜಿ ಪ್ರತಿ ಹತ್ತು ಮಣಿಗೊಂದು ಬೇಡಿಕೆ ಇಡುತ್ತಿದ್ದಳು. ಮೂರನೇ ಹತ್ತಕ್ಕೆ, "ನನ್ ಸೊಸೆ ಕೈ ದೋಸ ಕಳೀಲಿ ತಾಯಿ," ಎಂದಳು.

"ಅವ್ವಾ, ಒಸಿ ನಿಲ್ಸು," ಎಂದ ಅಪ್ಪ.

ಜಪ ನಿಲ್ಲಿಸುವುದು ನಮ್ಮ ಮನೆಯಲ್ಲಿ ಭೂಕಂಪಕ್ಕೂ ಆಗದ ಕೆಲಸ. ಅಜ್ಜಿ ತಿರುಗಿದಳು.

"ಅವ್ಳ್ ಕೈಯಲ್ಲಿ ಏನೂ ಇಲ್ಲ. ಹುಳ ಕೊಂದೋನು ನಾನು. ಹಬ್ಬದ್ ಮಾರ್ನೇ ದಿನದಿಂದ ನಶ್ಯ ಏರ್ಸ್ತಿದ್ದೆ. ಡಬ್ಬಿ ಹುಳುಮನೇಲೇ ಇಟ್ಟಿದ್ದೆ."

ಅಜ್ಜಿ ಕೈಯಲ್ಲಿದ್ದ ಜಪಸರವನ್ನು ನೋಡಿದಳು. "ಎಷ್ಟನೇ ಮಣೀಲಿದ್ದೆ?" ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಆ ಇಡೀ ಹತ್ತನ್ನು ಮೊದಲಿನಿಂದ ಶುರುಮಾಡಿದಳು. ಬೇಡಿಕೆ ಮಾತ್ರ ಬದಲಾಗಿತ್ತು. "ಈ ಮನೇಲಿರೋ ಪೆದ್ದರಿಗೆಲ್ಲಾ ಬುದ್ಧಿ ಬರ್ಲಿ ತಾಯಿ. ನನ್ನೂ ಸೇರ್ಸಿ."

ಜಪ ಮುಗಿದ ಮೇಲೆ ಅಪ್ಪ ಅವ್ವನ ಮುಂದೆ ನಿಂತ. "ತಪ್ಪಾಯ್ತು ಕಣೇ ಗ್ಯಾನಾ."

ಅವ್ವ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ನಾನು ಕಾದೆ. ಅವಳು ಎರಡೂ ಮಾಡಲಿಲ್ಲ. "ನಂಗೆ ಹೇಳಿದ್ದಾಯ್ತಲ್ಲ. ಊರ್ಗೆ ಯಾರ್ ಹೇಳ್ತಾರೆ?" ಎಂದಳು.

ಹಾಗಾಗಿ ಮಾರನೇ ದಿನ ಬೆಳಗ್ಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡು ಹೊರಟ. ಹುಳ ಸಾಕುವ ಮನೆ ಮೂವತ್ತೋ ಮೂವತ್ತೆರಡೋ ಇದ್ದವು. ಒಂದೊಂದೇ ಬಾಗಿಲಲ್ಲಿ ನಿಂತು ಅದೇ ಮಾತನ್ನು ಹೇಳಿದ. ಕೆಲವರು ನಕ್ಕರು. ಕೆಲವರು ಕಾಫಿ ಕೊಟ್ಟರು. ಕೆಂಪಮ್ಮನ ಗಂಡ ಜಗಲಿಯ ಮೇಲೆ ಕೂತಿದ್ದವನು ಎದ್ದೇ ನಿಂತ. "ಏನ್ಲಾ ಚಿನ್ನಪ್ಪ, ಊರೆಲ್ಲಾ ನಿನ್ ಹೆಂಡ್ರು ಕೈ ಕೆಟ್ಟದ್ದು ಅಂತಿದ್ದಾಗ ನಿನ್ ಬಾಯ್ ಎಲ್ಲಿತ್ಲಾ?" ಅಪ್ಪ ತಲೆ ತಗ್ಗಿಸಿ ಮುಂದಿನ ಮನೆಗೆ ಹೋದ. ಆವತ್ತಿನಿಂದ ಊರು ಅವನಿಗೆ ನಶ್ಯದ ಚಿನ್ನಪ್ಪ ಎಂದು ಹೆಸರಿಟ್ಟಿತು. ಮತ್ತೆಂದೂ ಅವನು ನಶ್ಯ ಮುಟ್ಟಲಿಲ್ಲ, ಹೆಸರು ಮಾತ್ರ ಸಾಯುವತನಕ ಬಿಡಲಿಲ್ಲ. ನನ್ನ ಮದುವೆಯಲ್ಲಿ ಬೀಗರು ಕೂಡ ಹಾಗೇ ಕರೆದರು. ಅಪ್ಪ "ನಾನೇ, ಬನ್ನಿ" ಎಂದು ಸ್ವಾಗತ ಮಾಡಿದ.

ದೇವರು ಕ್ಷಮಿಸುವುದು ಒಂದು ಗಳಿಗೆಯ ಕೆಲಸ ಎಂದು ನಾನು ಪೂರ್ತಿಯಾಗಿ ನಂಬಿದ್ದೇನೆ. ಅವನಿಗೆ ನಮ್ಮ ಹಾಗೆ ಲೆಕ್ಕಾಚಾರವಿಲ್ಲ. ಆದರೆ ನಾವು ಮಾಡಿಟ್ಟದ್ದು ಊರೊಳಗೆ ನಡೆದುಹೋಗಿರುತ್ತದಲ್ಲ, ಅದರ ಹಿಂದೆ ಮನೆಮನೆಗೂ ನಡೆದುಕೊಂಡು ಹೋಗುವ ಕೆಲಸವನ್ನು ಅವನು ನಮಗೇ ಬಿಡುತ್ತಾನೆ. ಬಿಸಿಲಲ್ಲಿ ಸುತ್ತಿ ಬಂದ ಅಪ್ಪ ಅವತ್ತು ನಾಲ್ಕು ಚೊಂಬು ನೀರು ಕುಡಿದ. ಮುಖ ಮಾತ್ರ ಹಗುರವಾಗಿತ್ತು.

ವಾರ ಕಳೆಯುವುದರೊಳಗೆ ಕೆಂಪಮ್ಮ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಳು. "ಗ್ಯಾನಕ್ಕಾ, ಮೊಟ್ಟೆ ಒಡ್ದವೆ. ಬತ್ತೀಯಾ?"

"ಕೆಲ್ಸ ಐತೆ ಕಣವ್ವ. ಆಮೇಲ್ ನೋಡ್ತೀನಿ," ಎಂದಳು ಅವ್ವ, ಬಹಳ ಗಂಭೀರವಾಗಿ. ಕೆಂಪಮ್ಮ ಬೀದಿಯ ತಿರುವು ದಾಟುವತನಕ ತಡೆದುಕೊಂಡಳು, ಅಷ್ಟೇ. ಒಲೆಯ ಮೇಲಿನ ಅನ್ನವನ್ನು ಅಜ್ಜಿಗೆ ಒಪ್ಪಿಸಿ, ನನ್ನ ಕೈ ಹಿಡಿದು, ಬರಿಗಾಲಲ್ಲಿ ಓಡಿದಳು.

ದಾರಿಯಲ್ಲಿ ಇದ್ದಕ್ಕಿದ್ದಂತೆ ಕೇಳಿದಳು. "ನಿಂಗೂ ಗೊತ್ತಿತ್ತಲ್ವಾ?"

ನನ್ನ ಮಾತನ್ನು ಅಪ್ಪ ಯಾರ ಮುಂದೆಯೂ ಎತ್ತಿರಲಿಲ್ಲ. ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಿದ್ದ. ನಾನು ತಲೆಯಾಡಿಸಿದೆ.

"ಮೊದ್ಲಿಂದ್ಲೂ?"

"ಊಂ. ಕ್ಷಮ್ಸವ್ವ."

"ದೇವ್ರು ಕ್ಷಮ್ಸವ್ನಾ?"

"ಸಾಮೇರು ಹಂಗಂದ್ರು."

"ದೇವ್ರು ದೊಡ್ಡೋನು. ನಂಗಿನ್ನೂ ಆಗಿಲ್ಲ ಕಣೆ. ನಾಳಿಕ್ಕೆ ಕೇಳು," ಎಂದು ಅವ್ವ ಮುಂದೆ ನಡೆದಳು.

ಮಾರನೇ ದಿನ ಕೇಳಿದೆ. ನಾಳೆ ಕೇಳು ಎಂದಳು. ಅದರ ಮಾರನೇ ದಿನವೂ ಅಷ್ಟೇ. ಸಿಟ್ಟಿಲ್ಲ, ಸೆಡವಿಲ್ಲ, ನಿಜವಾಗಿ ಇನ್ನೂ ಆಗಿಲ್ಲ ಎನ್ನುವ ಹಾಗೆ ಹೇಳುತ್ತಿದ್ದಳು. ನಾಲ್ಕನೇ ದಿನ ನನಗೆ ಧೈರ್ಯ ಬರಲಿಲ್ಲ. ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ಬೆಳಗ್ಗೆಯಿಂದ ಅವಳ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡು ತಿರುಗಿದೆ. ಸಂಜೆ ಅವ್ವ ನನ್ನನ್ನು ಹಿಡಿದು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು. ಬಾಚಣಿಗೆ ಅರ್ಧಕ್ಕೆ ನಿಂತಿತು.

"ಯಾಕೆ, ಇವತ್ತು ಕೇಳ್ನೇ ಇಲ್ವಲ್ಲಾ?"

ನಾನು ತಿರುಗಲು ಹೋದೆ, ಜಡೆ ಹಿಡಿದಿದ್ದಳು, ಆಗಲಿಲ್ಲ. ಮುಂದಿನ ಗೋಡೆಯನ್ನೇ ನೋಡುತ್ತಾ, "ಕ್ಷಮ್ಸವ್ವ," ಎಂದೆ.

"ಹೂಂ," ಎಂದಳು ಅವ್ವ. "ಅಲ್ಲಾಡ್ಬೇಡ, ಬೈತಲೆ ಸೊಟ್ಟಾಯ್ತದೆ."